ತಾಮ್ರಕ್ಕೆ ಬಲ ಕೊಡುವ ಪಿಂಗಾಣಿ ಹುಡಿ

ಕರಗಿಸುವುದಲ್ಲ, ಕುಟ್ಟಿ ಕೂಡಿಸುವುದು * ಕಾದರೂ ಮೆತ್ತಗಾಗದ ಲೋಹ * ಸುರತ್ಕಲ್, ಕಲ್ಲಿಕೋಟೆಯಲ್ಲಿ ಕಲಿಯುವ ದಾರಿ

ಕಾಸರಗೋಡು: ತಾಮ್ರ ನಮ್ಮ ಊರಿಗೆ ಹೊಸ ಲೋಹವೇನಲ್ಲ. ಮಧೂರು ದೇವಸ್ಥಾನದ ಮಾಡಿಗೆ ಹೊದೆಸಿದ್ದು ತಾಮ್ರದ ತಗಡು. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಅಡಿಕೆಗೆ ಬಿಡುವ ಬೋರ್ಡೋ ದ್ರಾವಣದ ಮೈಲುತುತ್ತು ಕೂಡ ತಾಮ್ರದಿಂದಲೇ ಆದದ್ದು. ತೋಟದ ಪಂಪಿನ ಒಳಗೆ ಸುತ್ತಿದ ವಯರು ತಾಮ್ರ. ಬೆದ್ರಡ್ಕದ ಕೆಲ್ ಕಾರ್ಖಾನೆಯಲ್ಲಿ ರೈಲು ಬೋಗಿಗಳ ದೀಪ, ಫ್ಯಾನಿಗೆಂದು ತಯಾರಾದ ಆಲ್ಟರ್ನೇಟರುಗಳ ಹೊಟ್ಟೆಯಲ್ಲಿ ಇದ್ದದ್ದೂ ಅದೇ. ನಾವು ತಾಮ್ರ ಎನ್ನುತ್ತೇವೆ, ಮನೆಯಲ್ಲಿ ಮರಾಠಿ ಆಡುವವರು ತಾಂಬೆ ಎನ್ನುತ್ತಾರೆ, ಮಲಯಾಳದವರಿಗೆ ಅದು ಚೆಂಬು.

ಆದರೆ ಈ ಲೋಹಕ್ಕೆ ಒಂದು ದೊಡ್ಡ ಕೊರತೆ ಉಂಟು. ಕರೆಂಟು ಹರಿಸುವುದರಲ್ಲಿ ಬೆಳ್ಳಿಯನ್ನು ಬಿಟ್ಟರೆ ಇದಕ್ಕೆ ಸಮನಾದ ಲೋಹ ಬೇರೆ ಇಲ್ಲ. ಬಿಸಿ ದಾಟಿಸುವುದರಲ್ಲೂ ಹಾಗೆಯೇ. ಶಕ್ತಿಯ ವಿಷಯ ಬಂದರೆ ಮಾತ್ರ ಮೆದು. ಶುದ್ಧ ತಾಮ್ರದ ಸರಳನ್ನು ಕೈಯಲ್ಲೇ ಬಗ್ಗಿಸಬಹುದು. ಬಿಸಿ ಮಾಡಿದರೆ ಕೇಳುವುದೇ ಬೇಡ, ಇನ್ನೂ ಮೆತ್ತಗಾಗುತ್ತದೆ.

ಗಟ್ಟಿಯೂ ಇರಬೇಕು, ಕರೆಂಟನ್ನೂ ಚೆನ್ನಾಗಿ ಹರಿಸಬೇಕು, ಕಾದರೂ ಮೆತ್ತಗಾಗಬಾರದು. ಒಂದೇ ಲೋಹದಲ್ಲಿ ಈ ಮೂರನ್ನೂ ತರಲು ಇಂಜಿನಿಯರುಗಳು ಹಲವು ದಶಕಗಳಿಂದ ಹೆಣಗಿದ್ದಾರೆ. ಅದಕ್ಕೆ ಸಿಕ್ಕ ಒಳ್ಳೆಯ ಉತ್ತರಗಳಲ್ಲಿ ಒಂದು, ತಾಮ್ರದ ಹುಡಿಗೆ ಅತಿ ಸಣ್ಣ ಪಿಂಗಾಣಿ ಕಣಗಳನ್ನು ಸೇರಿಸಿ ಗಿರಣಿಯಲ್ಲಿ ಗಂಟೆಗಟ್ಟಲೆ ಕುಟ್ಟುವುದು. ಕೇಳಲು ಸಾದಾ ಸಂಗತಿ. ಒಳಗಿನ ವಿಷಯ ಮಾತ್ರ ತಿಳಿಯಬೇಕಾದದ್ದು.

ಬಡಿದರೆ ಗಟ್ಟಿ, ಕಾಸಿದರೆ ಮೆದು

ತಾಮ್ರವನ್ನು ಗಟ್ಟಿ ಮಾಡುವ ಹಳೆಯ ವಿದ್ಯೆ ಸುತ್ತಿಗೆಯದ್ದು. ಪುಣೆಯ ತಾಂಬಟರು, ಅಂದರೆ ತಾಮ್ರದ ಪಾತ್ರೆ ಮಾಡುವವರು, ಹಂಡೆಯ ಮೈ ಮೇಲೆ ಸಾಲು ಸಾಲಾಗಿ ಸಣ್ಣ ಪೆಟ್ಟು ಹಾಕುತ್ತಾರೆ. ಮರಾಠಿಯಲ್ಲಿ ಅದಕ್ಕೆ ಮಠಾರ್ ಕಾಮ್ ಎಂದು ಹೆಸರು. ನೋಡುವವರಿಗೆ ಅದು ಅಲಂಕಾರ. ನಿಜವಾಗಿ ಆ ಪೆಟ್ಟುಗಳಿಂದಲೇ ತೆಳು ತಗಡು ಬಿಗಿಯಾಗುವುದು. ಬಡಿದಷ್ಟೂ ತಾಮ್ರ ಗಟ್ಟಿಯಾಗುತ್ತದೆ. ತೀರಾ ಬಡಿದರೆ ಬಿರುಕು ಬಿಡುತ್ತದೆ. ಆಗ ಬೆಂಕಿಗೆ ಹಿಡಿದರೆ ಮತ್ತೆ ಮೆದುವಾಗುತ್ತದೆ, ಮತ್ತೆ ಬಡಿಯಬಹುದು.

ಕೆಲಸಗಾರನಿಗೆ ಇದು ಅನುಕೂಲ. ಯಂತ್ರಕ್ಕೆ ಇದೇ ತೊಂದರೆ. ಬಡಿದೋ ಎಳೆದೋ ಗಟ್ಟಿ ಮಾಡಿದ ಶುದ್ಧ ತಾಮ್ರ 200 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಗಳಿಸಿದ ಬಲವನ್ನು ಕಳೆದುಕೊಳ್ಳಲು ಶುರು ಮಾಡುತ್ತದೆ. ಅದು ಕರಗುವುದು 1085 ಡಿಗ್ರಿಯಲ್ಲಿ. ಅಂದರೆ ಕರಗುವ ಹತ್ತಿರಕ್ಕೂ ಹೋಗದೆ ಬಹಳ ಮೊದಲೇ ಸೋಲುತ್ತದೆ.

ಎರಡನೇ ಹಳೆಯ ವಿದ್ಯೆ ಬೆರಕೆ. ಸತು ಹಾಕಿದರೆ ಹಿತ್ತಾಳೆ, ತವರ ಹಾಕಿದರೆ ಕಂಚು. ಎರಡೂ ತಾಮ್ರಕ್ಕಿಂತ ಗಟ್ಟಿ. ದೇವಸ್ಥಾನದ ಗಂಟೆಯಲ್ಲಿ ಸುಮಾರು ಐದನೇ ಒಂದು ಪಾಲು ತವರ ಇರುತ್ತದೆ, ಅದಕ್ಕೇ ಆ ನಾದ. ಆದರೆ ಬೆರಕೆಯ ಅಣುಗಳು ತಾಮ್ರದ ಅಣುಗಳ ನಡುವೆ ಕರಗಿ ಕೂತುಕೊಂಡು ಕರೆಂಟಿನ ದಾರಿಗೆ ಅಡ್ಡ ಬರುತ್ತವೆ. ಶುದ್ಧ ತಾಮ್ರದ ವಾಹಕ ಶಕ್ತಿಯನ್ನು 100 ಎಂದು ಇಟ್ಟುಕೊಂಡರೆ ಸಾಮಾನ್ಯ ಹಿತ್ತಾಳೆಯದ್ದು 28ರ ಹತ್ತಿರ ಇಳಿಯುತ್ತದೆ. ಗಂಟೆಯ ಕಂಚಿನದ್ದು ಇನ್ನೂ ಕಡಿಮೆ. ಬಲ ಬಂತು, ಕರೆಂಟು ಹೋಯಿತು!

ಕರಗದೆ ಇರುವುದೇ ಗುಣ

ಹಾಗಾದರೆ ತಾಮ್ರದೊಳಗೆ ಕರಗದೇ ಇರುವ ಒಂದು ವಸ್ತುವನ್ನು ಸೇರಿಸಿದರೆ ಹೇಗೆ? ಈ ಪ್ರಶ್ನೆಯಿಂದಲೇ ಪಿಂಗಾಣಿಯ ಕತೆ ಆರಂಭ. ಇಲ್ಲಿ ಪಿಂಗಾಣಿ ಎಂದರೆ ಚಾ ಕುಡಿಯುವ ಕಪ್ಪಲ್ಲ, ಸೆರಾಮಿಕ್ ಜಾತಿಯ ಗಟ್ಟಿ ವಸ್ತುಗಳು. ಹೆಚ್ಚು ಬಳಕೆಯಲ್ಲಿರುವುದು ಅಲ್ಯೂಮಿನಾ. ಸ್ಕೂಟರಿನ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಾಣುವ ಬಿಳಿ ಭಾಗ ಅದೇ. ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿ ಆದ ಈ ವಸ್ತು 2000 ಡಿಗ್ರಿ ದಾಟಿದ ಮೇಲೆಯೇ ಕರಗುವುದು. ತಾಮ್ರದೊಂದಿಗೆ ಅದು ಬೆರೆಯುವುದೂ ಇಲ್ಲ, ಜಗಳ ಮಾಡುವುದೂ ಇಲ್ಲ.

ಕರಗದ ಕಣ ಲೋಹಕ್ಕೆ ಬಲ ಕೊಡುವುದು ಹೇಗೆ? ಅಡಿಕೆ ಒಣಗಿಸುವ ಅಂಗಳವನ್ನು ನೆನಪಿಸಿಕೊಳ್ಳಿ. ಹಾಸಿದ ದೊಡ್ಡ ಟರ್ಪಾಲನ್ನು ಒಂದೇ ಸಲ ಎಳೆದರೆ ಜರಗುವುದಿಲ್ಲ. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಆ ಸುಕ್ಕನ್ನು ಕಾಲಿನಿಂದ ಆಚೆ ತುದಿಗೆ ತಳ್ಳಿಕೊಂಡು ಹೋದರೆ ಟರ್ಪಾಲು ಸಲೀಸಾಗಿ ಜರಗುತ್ತದೆ. ಲೋಹ ಬಾಗುವುದೂ ಹೀಗೆಯೇ. ಅಣುಗಳ ಸಾಲಿನಲ್ಲಿ ಇಂಥ ಸುಕ್ಕುಗಳು ಓಡಾಡುತ್ತವೆ. ವಿಜ್ಞಾನಿಗಳು ಅದಕ್ಕೆ ಡಿಸ್‌ಲೊಕೇಶನ್ ಎನ್ನುತ್ತಾರೆ. 1934ರಲ್ಲಿ ಟೇಲರ್, ಓರೊವಾನ್, ಪೊಲಾನಿ ಎಂಬ ಮೂವರು ಬೇರೆ ಬೇರೆಯಾಗಿಯೇ ಈ ವಿಚಾರವನ್ನು ಮಂಡಿಸಿದ್ದರು.

ಈಗ ಟರ್ಪಾಲಿನ ಮೇಲೆ ಅಲ್ಲಲ್ಲಿ ಕಲ್ಲು ಇಟ್ಟುಬಿಡಿ. ಸುಕ್ಕು ಕಲ್ಲಿನ ಹತ್ತಿರ ಬಂದು ನಿಲ್ಲುತ್ತದೆ. ಅಲ್ಯೂಮಿನಾ ಕಣಗಳು ಮಾಡುವುದು ಇದೇ ಕೆಲಸ. ಸುಕ್ಕು ಮುಂದೆ ಹೋಗಬೇಕಾದರೆ ಎರಡು ಕಣಗಳ ನಡುವೆ ಬಿಲ್ಲಿನ ಹಾಗೆ ಬಾಗಿ ನುಸುಳಬೇಕು, ಅದಕ್ಕೆ ಹೆಚ್ಚು ಬಲ ಬೇಕು. 1948ರಲ್ಲಿ ಓರೊವಾನ್ ಇದನ್ನು ವಿವರಿಸಿದರು. ಕಣ ಸಣ್ಣದಾದಷ್ಟೂ, ಒಂದಕ್ಕೊಂದು ಹತ್ತಿರವಾದಷ್ಟೂ ತಡೆ ಜಾಸ್ತಿ. ಅದಕ್ಕಾಗಿಯೇ ತಲೆಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿಗಿಂತಲೂ ಸಣ್ಣ ಕಣಗಳು ಬೇಕಾಗುವುದು.

ಕಣ ಎಲ್ಲಿದೆಯೋ ಅಲ್ಲಿ ಮಾತ್ರ ಕರೆಂಟಿಗೆ ಅಡ್ಡಿ. ಉಳಿದ ಕಡೆ ತಾಮ್ರ ಶುದ್ಧವಾಗಿಯೇ ಇರುತ್ತದೆ. ಇನ್ನೊಂದು ಲಾಭ, ಕಾದರೂ ಈ ಕಣಗಳು ಕರಗಿ ಹೋಗುವುದಿಲ್ಲ, ಜಾಗ ಬಿಟ್ಟು ಕದಲುವುದಿಲ್ಲ.

ಪೊರೋಟದ ಲೆಕ್ಕ

ಹಾಗಿದ್ದರೆ ತಾಮ್ರವನ್ನು ಕರಗಿಸಿ ಅದಕ್ಕೆ ಅಲ್ಯೂಮಿನಾ ಹುಡಿ ಸುರಿದು ತಿರುವಿದರೆ ಸಾಲದೇ? ಸಾಲದು. ಅಲ್ಯೂಮಿನಾದ ತೂಕ ಅದೇ ಗಾತ್ರದ ಕರಗಿದ ತಾಮ್ರದ ತೂಕದ ಅರ್ಧದಷ್ಟು. ನೀರಿನಲ್ಲಿ ಉಮಿ ತೇಲಿದ ಹಾಗೆ ಅದು ಮೇಲೆ ಬರುತ್ತದೆ. ಮೇಲಾಗಿ ಕರಗಿದ ತಾಮ್ರ ಆ ಕಣಗಳಿಗೆ ಅಂಟುವುದಿಲ್ಲ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರುತ್ತದೆ. ಕಣಗಳು ತಮ್ಮತಮ್ಮಲ್ಲೇ ಗಂಟು ಕಟ್ಟಿಕೊಳ್ಳುತ್ತವೆ. ಅಲ್ಯೂಮಿನಿಯಂ ಲೋಹಕ್ಕಾದರೆ ಕರಗಿಸಿ ಕಲಕುವ ಉಪಾಯ ನಡೆಯುತ್ತದೆ. ತಿರುವನಂತಪುರದ ಪ್ರಾದೇಶಿಕ ಸಂಶೋಧನಾಲಯ, 2007ರಿಂದ ಎನ್‌ಐಐಎಸ್‌ಟಿ ಎಂಬ ಹೆಸರು ಪಡೆದ ಸಂಸ್ಥೆ, ಆ ವಿಧಾನದಲ್ಲಿ ಹೆಸರು ಮಾಡಿದೆ. ತಾಮ್ರಕ್ಕೆ ಬೇರೆ ದಾರಿ ಹುಡುಕಬೇಕಾಯಿತು.

ಆ ದಾರಿ ಯಾವುದೆಂದು ತಿಳಿಯಲು ಕಾಸರಗೋಡಿನ ಯಾವುದೇ ಹೋಟೆಲಿನಲ್ಲಿ ಪೊರೋಟ ಮಾಡುವವರ ಕೈ ನೋಡಿದರೆ ಸಾಕು. ಮೈದಾ ಉಂಡೆಯನ್ನು ಬಡಿದು, ಬೀಸಿ ತೆಳ್ಳಗೆ ಮಾಡಿ, ಮಡಚಿ, ಸುತ್ತಿ, ಮತ್ತೆ ತಟ್ಟುತ್ತಾರೆ. ತೆಳ್ಳಗೆ ಬೀಸಿದಾಗ ಮೇಲೆ ಒಂದು ಮುಷ್ಟಿ ಎಳ್ಳು ಉದುರಿಸಿ ಹತ್ತು ಸಲ ಹೀಗೆ ಮಡಚಿ ತಟ್ಟಿದರೆ ಏನಾಗುತ್ತದೆ? ಎಳ್ಳು ಒಂದು ಕಡೆ ಗುಂಪಾಗಿ ನಿಲ್ಲದೆ ಪದರ ಪದರದಲ್ಲೂ ಹಂಚಿಹೋಗುತ್ತದೆ.

ಗಿರಣಿಯಲ್ಲಿ ನಡೆಯುವುದೂ ಇದೇ. ಉಕ್ಕಿನ ಅಥವಾ ಇನ್ನೂ ಗಟ್ಟಿಯಾದ ವಸ್ತುವಿನ ಡಬ್ಬಿಯಲ್ಲಿ ತಾಮ್ರದ ಹುಡಿ, ಅಲ್ಯೂಮಿನಾ ಹುಡಿ ಮತ್ತು ಗುಂಡುಗಳನ್ನು ಹಾಕುತ್ತಾರೆ. ಸಾಮಾನ್ಯವಾಗಿ ಒಂದು ಪಾಲು ಹುಡಿಗೆ ಹತ್ತು ಪಾಲು ತೂಕದ ಗುಂಡುಗಳು. ಡಬ್ಬಿ ಒಂದು ದಿಕ್ಕಿಗೆ, ಅದನ್ನು ಕೂರಿಸಿದ ತಟ್ಟೆ ಇನ್ನೊಂದು ದಿಕ್ಕಿಗೆ ನಿಮಿಷಕ್ಕೆ ಇನ್ನೂರು ಮುನ್ನೂರು ಸುತ್ತು ತಿರುಗುತ್ತವೆ. ಎರಡು ಗುಂಡು ಬಡಿದಾಗ ನಡುವೆ ಸಿಕ್ಕಿದ ತಾಮ್ರದ ಕಣ ಚಪ್ಪಟೆಯಾಗುತ್ತದೆ, ಅದರ ಮೈಗೆ ಅಲ್ಯೂಮಿನಾ ಹೊಕ್ಕುತ್ತದೆ, ಇನ್ನೊಂದು ತಾಮ್ರದ ಚಪ್ಪಟೆ ಮೇಲೆ ಬಂದು ಬೆಸೆಯುತ್ತದೆ. ಬಡಿತದಿಂದ ಗಟ್ಟಿಯಾಗಿ ತುಂಡಾಗುತ್ತದೆ, ಮತ್ತೆ ಬೆಸೆಯುತ್ತದೆ. ಹತ್ತಿಪ್ಪತ್ತು ಗಂಟೆ ಹೀಗೆ ಬೆಸೆದು ಮುರಿದು, ಬೆಸೆದು ಮುರಿದು ಕೊನೆಗೆ ತಾಮ್ರದ ಒಂದೊಂದು ಕಣದ ಹೊಟ್ಟೆಯಲ್ಲೂ ಅಲ್ಯೂಮಿನಾ ಸಮನಾಗಿ ಹರಡಿರುತ್ತದೆ.

ಎಲ್ಲವೂ ತಾಮ್ರ ಕರಗದೆಯೇ ಆಗುವ ಕೆಲಸ. ಗಾಳಿಯ ಆಮ್ಲಜನಕ ತಾಗದಂತೆ ಡಬ್ಬಿಗೆ ಆರ್ಗಾನ್ ಅನಿಲ ತುಂಬಿಸುತ್ತಾರೆ. ತಾಮ್ರ ಗುಂಡಿಗೇ ಮೆತ್ತಿಕೊಳ್ಳದಿರಲು ಸ್ವಲ್ಪ ಸ್ಟಿಯರಿಕ್ ಆಸಿಡ್ ಹಾಕುವುದುಂಟು. ಮೇಣದಬತ್ತಿಗೆ ಹಾಕುವ ವಸ್ತುವೇ ಅದು. ಪೊರೋಟಕ್ಕೆ ಎಣ್ಣೆ ಸವರಿದ ಹಾಗೆ ಎನ್ನಿ. ಡಬ್ಬಿ ಕಾಯದಂತೆ ನಡುನಡುವೆ ನಿಲ್ಲಿಸಿ ತಣಿಸಬೇಕು.

ಆಮೇಲೆ ಹುಡಿಯನ್ನು ಜಲಜನಕದಲ್ಲಿ ಕಾಸಿ ತುಕ್ಕು ಕಳೆದು, ಅಚ್ಚಿಗೆ ಹಾಕಿ ಒತ್ತಿ, ಕರಗುವ ಮಟ್ಟಕ್ಕಿಂತ ಕೆಳಗೆ, ಸುಮಾರು 800ರಿಂದ 950 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಕಣಕ್ಕೆ ಕಣ ಅಂಟಿ ಗಟ್ಟಿ ಉಂಡೆಯಾಗುತ್ತದೆ. ಅದನ್ನು ಬಿಸಿಯಲ್ಲಿಯೇ ಸೇವಿಗೆ ಒತ್ತಿದ ಹಾಗೆ ಒತ್ತಿ ಸರಳು ಮಾಡುತ್ತಾರೆ.

ನೂರಕ್ಕೆ ಒಂದು ಪಾಲು ಸಾಕು

ಫಲ ಏನು? ತೂಕದಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಅಲ್ಯೂಮಿನಾ ಚೆನ್ನಾಗಿ ಹರಡಿದ್ದರೆ ತಾಮ್ರವನ್ನು ಎಳೆದು ತುಂಡು ಮಾಡಲು ಬೇಕಾಗುವ ಬಲ ಮೆದು ತಾಮ್ರದ ಎರಡು ಪಟ್ಟಿನಷ್ಟಾಗುತ್ತದೆ. ವಾಹಕ ಶಕ್ತಿ ನೂರಕ್ಕೆ 78ರಷ್ಟು ಉಳಿಯುತ್ತದೆ. ಅಲ್ಯೂಮಿನಾ ಅದರ ಕಾಲು ಪಾಲಿಗೆ ಇಳಿಸಿದರೆ ಬಲ ಕೊಂಚ ಕಡಿಮೆ, ವಾಹಕ ಶಕ್ತಿ 92. ಹಿತ್ತಾಳೆಯ 28ರ ಜತೆ ಹೋಲಿಸಿ ನೋಡಿ. 900 ಡಿಗ್ರಿ ತನಕ ಕಾಸಿ ತಣಿಸಿದರೂ ಬಲದ ದೊಡ್ಡ ಪಾಲು ಹಾಗೆಯೇ ಇರುತ್ತದೆ.

ಇದು ಪ್ರಯೋಗಶಾಲೆಯ ಮಾತು ಮಾತ್ರವಲ್ಲ. ಅಮೆರಿಕದಲ್ಲಿ 1970ರ ದಶಕದಿಂದ ಗ್ಲಿಡ್‌ಕಾಪ್ ಎಂಬ ಹೆಸರಿನಲ್ಲಿ ಇಂಥ ತಾಮ್ರ ಮಾರಾಟದಲ್ಲಿದೆ. ಮೇಲಿನ ಅಂಕಿಗಳು ಅದರವೇ. ಅದನ್ನು ಮಾಡುವ ಕ್ರಮ ಸ್ವಲ್ಪ ಬೇರೆ. ತಾಮ್ರಕ್ಕೆ ಮೊದಲೇ ಚೂರು ಅಲ್ಯೂಮಿನಿಯಂ ಬೆರೆಸಿ ಹುಡಿ ಮಾಡಿ, ಆಮೇಲೆ ಹುಡಿಯೊಳಗೆ ಆಮ್ಲಜನಕ ಇಳಿಸಿ ಅಲ್ಲೇ ಅಲ್ಯೂಮಿನಾ ಹುಟ್ಟಿಸುತ್ತಾರೆ. ಗಿರಣಿಯ ದಾರಿಯ ಅನುಕೂಲವೆಂದರೆ ಅಲ್ಯೂಮಿನಾ ಒಂದಕ್ಕೇ ಕಟ್ಟುಬೀಳಬೇಕಾಗಿಲ್ಲ. ಜಿರ್ಕೋನಿಯಾ, ಯಿಟ್ರಿಯಾ, ಟೈಟಾನಿಯಂ ಕಾರ್ಬೈಡ್, ಸಿಲಿಕಾನ್ ಕಾರ್ಬೈಡ್, ಯಾವುದನ್ನೂ ಹಾಕಿ ನೋಡಬಹುದು.

ಗಿರಣಿಯಲ್ಲಿ ಕುಟ್ಟಿ ಲೋಹ ಬೆರೆಸುವ ವಿದ್ಯೆಗೆ ಮೆಕ್ಯಾನಿಕಲ್ ಅಲಾಯಿಂಗ್ ಎಂದು ಹೆಸರು. ಅಮೆರಿಕದಲ್ಲಿ ಇಂಕೋ ಕಂಪೆನಿಯ ಪ್ರಯೋಗಶಾಲೆಯಲ್ಲಿ ಜಾನ್ ಬೆಂಜಮಿನ್ ಮತ್ತು ಸಂಗಡಿಗರು 1966ರ ಹೊತ್ತಿಗೆ ಇದನ್ನು ಸಾಧಿಸಿದರು. ಅವರ ಉದ್ದೇಶ ತಾಮ್ರವಲ್ಲ, ವಿಮಾನದ ಎಂಜಿನಿಗೆ ಬೇಕಾದ ನಿಕ್ಕಲ್. 1970ರಲ್ಲಿ ಅದರ ವಿವರ ಪ್ರಕಟವಾಯಿತು. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಸ್. ರಂಗನಾಥನ್ ಮಾರ್ಗದರ್ಶನದಲ್ಲಿ ಬಿ.ಎಸ್. ಮೂರ್ತಿ ಈ ವಿದ್ಯೆಯ ಮೇಲೆಯೇ ಕೆಲಸ ಮಾಡಿ 1992ರಲ್ಲಿ ಪಿಎಚ್‌.ಡಿ. ಪಡೆದರು. ಮೂರ್ತಿ 2019ರಲ್ಲಿ ಹೈದರಾಬಾದ್ ಐಐಟಿಯ ನಿರ್ದೇಶಕರಾದರು. ಸಿ. ಸೂರ್ಯನಾರಾಯಣ 2001ರಲ್ಲಿ ಈ ವಿಷಯದ ಕುರಿತು ಬರೆದ ದೀರ್ಘ ಲೇಖನವನ್ನು ಹೊರದೇಶದ ವಿದ್ಯಾರ್ಥಿಗಳೂ ಓದುತ್ತಾರೆ.

ನಮ್ಮ ಪಂಪಿಗೆ ಬರುತ್ತದಾ?

ಕೃಷಿಕರು ಕೇಳುವ ಮೊದಲ ಪ್ರಶ್ನೆ ಇದೇ. ಬೇಸಗೆಯಲ್ಲಿ ವೋಲ್ಟೇಜ್ ಇಳಿದಾಗ ಮೋಟಾರು ಸುಡುತ್ತದೆ, ವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋಗಬೇಕು. ಗಟ್ಟಿ ತಾಮ್ರ ಹಾಕಿದರೆ ಸುಡುವುದು ತಪ್ಪುತ್ತದಾ? ಇಲ್ಲ. ಮೋಟಾರಿನಲ್ಲಿ ಮೊದಲು ಸಾಯುವುದು ತಾಮ್ರವಲ್ಲ, ಅದರ ಮೇಲಿನ ಇನಾಮೆಲ್ ಹೊದಿಕೆ. ಸಾಮಾನ್ಯ ಮೋಟಾರಿನ ಹೊದಿಕೆ ತಾಳುವುದು 130, 155 ಡಿಗ್ರಿಯ ಆಸುಪಾಸು. ಅಷ್ಟು ಬಿಸಿಗೆ ಸಾದಾ ತಾಮ್ರವೇ ಧಾರಾಳ. ಅಲ್ಲಿ ನೂರಕ್ಕೆ ನೂರು ವಾಹಕ ಶಕ್ತಿ ಇರುವ ತಾಮ್ರವೇ ಒಳ್ಳೆಯದು. ಪಿಂಗಾಣಿ ಸೇರಿಸಿದ ವಯರು ಎಂದು ಯಾರಾದರೂ ಮೋಟಾರಿಗೆ ಮಾರಲು ಬಂದರೆ ದುಡ್ಡು ಬಿಚ್ಚಬೇಡಿ.

ಇದರ ನಿಜವಾದ ಜಾಗ ಬಿಸಿ, ಒತ್ತಡ, ಕರೆಂಟು ಮೂರೂ ಒಟ್ಟಿಗೆ ಬೀಳುವಲ್ಲಿ. ಕಾರಿನ ಬಾಡಿ ಮಾಡುವ ಕಾರ್ಖಾನೆಯನ್ನೇ ನೋಡಿ. ಒಂದು ಕಾರಿಗೆ 4,000ದಿಂದ 5,000 ಕಡೆ ತಗಡಿಗೆ ತಗಡು ಚುಕ್ಕಿ ಬೆಸುಗೆ ಹಾಕುತ್ತಾರೆ. ಎರಡು ತಾಮ್ರದ ಮೊನೆಗಳು ತಗಡನ್ನು ಒತ್ತಿ ಹಿಡಿದು ಸಾವಿರಾರು ಆಂಪಿಯರ್ ಕರೆಂಟು ಬಿಡುತ್ತವೆ. ಸಾದಾ ತಾಮ್ರದ ಮೊನೆ ಬೇಗನೆ ಚಪ್ಪಟೆಯಾಗಿ ಅಣಬೆಯ ಹಾಗೆ ಅರಳುತ್ತದೆ. ಸತು ಹಚ್ಚಿದ ತಗಡಾದರೆ ಮೊನೆಯೇ ತಗಡಿಗೆ ಅಂಟುತ್ತದೆ. ಅಲ್ಯೂಮಿನಾ ಇರುವ ಮೊನೆ ಹೆಚ್ಚು ಬಾಳುತ್ತದೆ, ಅಂಟುವುದೂ ಕಡಿಮೆ. ಲೆಕ್ಕ ಇಲ್ಲಿಯೇ ಇರುವುದು. ಮೊನೆಗೆ ಬೆಲೆ ಜಾಸ್ತಿ ನಿಜ, ಆದರೆ ಮೊನೆ ಬದಲಾಯಿಸಲು ಸಾಲು ನಿಲ್ಲಿಸಿದರೆ ಆಗುವ ನಷ್ಟ ಅದಕ್ಕಿಂತ ದೊಡ್ಡದು.

ಕ್ರೋಮಿಯಂ, ಜಿರ್ಕೋನಿಯಂ ಬೆರೆಸಿದ ತಾಮ್ರವೂ ಇದೇ ಕೆಲಸಕ್ಕೆ ಇದೆ, ಅಗ್ಗವೂ ಹೌದು. ಆದರೆ 500 ಡಿಗ್ರಿಯ ಹತ್ತಿರ ಅದು ಮೆತ್ತಗಾಗುತ್ತದೆ. ಬೆರಿಲಿಯಂ ತಾಮ್ರ ಬಹಳ ಗಟ್ಟಿ, ಆದರೆ ಅದರ ಧೂಳು ಶ್ವಾಸಕೋಶಕ್ಕೆ ವಿಷ. ಜಿನೀವಾದಲ್ಲಿ 2008ರಲ್ಲಿ ಚಾಲೂ ಆದ ದೊಡ್ಡ ಕಣ ವೇಗವರ್ಧಕ ಯಂತ್ರದಲ್ಲಿ, ದಾರಿ ತಪ್ಪಿದ ಕಣಗಳನ್ನು ತಡೆಯುವ ಭಾಗಗಳಿಗೂ ಅಲ್ಯೂಮಿನಾ ಸೇರಿಸಿದ ತಾಮ್ರವನ್ನೇ ಬಳಸಿದ್ದಾರೆ.

ಎಡವಟ್ಟುಗಳೂ ಉಂಟು

ಗಿರಣಿಯ ಕೆಲಸ ಹೇಳಿದಷ್ಟು ಸುಲಭವಲ್ಲ. ಉಕ್ಕಿನ ಗುಂಡು ಸವೆದು ಕಬ್ಬಿಣ ತಾಮ್ರಕ್ಕೆ ಸೇರಿದರೆ ವಾಹಕ ಶಕ್ತಿ ಸರ್ರನೆ ಇಳಿಯುತ್ತದೆ. ಬೇಯಿಸುವಾಗ ಒಳಗೆ ಸಣ್ಣ ತೂತು ಉಳಿದರೂ ಹಾಗೆಯೇ. ಅಲ್ಯೂಮಿನಾ ಜಾಸ್ತಿಯಾದರೆ ಸರಳು ಬಾಗುವ ಬದಲು ಮುರಿಯುತ್ತದೆ. ಕುಟ್ಟುವ ಹೊತ್ತು ಕಡಿಮೆಯಾದರೆ ಕಣ ಗಂಟಾಗಿ ಉಳಿಯುತ್ತದೆ, ಹೆಚ್ಚಾದರೆ ಕೊಳೆ ಸೇರುತ್ತದೆ. ಸರಿಯಾದ ಹೊತ್ತು ಯಾವುದು ಎನ್ನುವುದೇ ಸಂಶೋಧಕರ ನಿತ್ಯದ ತಲೆನೋವು.

ಈ ತಾಮ್ರವನ್ನು ಕರಗಿಸಿ ಬೆಸುಗೆ ಹಾಕುವಂತಿಲ್ಲ. ಕರಗಿದೊಡನೆ ಕಣಗಳು ತೇಲಿ ಗುಂಪಾಗುತ್ತವೆ, ಅಲ್ಲಿಗೆ ಬಲ ಹೋಯಿತು. ಗುಜರಿಗೆ ಹಾಕಿ ಕುಲುಮೆಗೆ ಹೋದರೆ ಅಲ್ಯೂಮಿನಾ ಕಿಟ್ಟದೊಂದಿಗೆ ಮೇಲೆ ಬಂದು, ಕೆಳಗೆ ಸಾದಾ ತಾಮ್ರ ಉಳಿಯುತ್ತದೆ.

ಇನ್ನೊಂದು ಎಚ್ಚರಿಕೆ. ಅತಿ ನುಣ್ಣಗಿನ ಲೋಹದ ಹುಡಿಗೆ ಗಾಳಿ ಒಮ್ಮೆಲೇ ತಾಗಿದರೆ ಬಿಸಿಯೇರಿ ಬೆಂಕಿ ಹತ್ತಬಹುದು, ಉಸಿರಿಗೆ ಹೋದರೆ ಹಾನಿ. ವಿಜ್ಞಾನ ಮೇಳದ ಪ್ರಾಜೆಕ್ಟ್ ಎಂದು ಮಕ್ಕಳು ಮನೆಯ ಮಿಕ್ಸಿಯಲ್ಲಿ ಇದಕ್ಕೆ ಕೈ ಹಾಕಬಾರದು.

ಕಲಿಯುವುದು ಎಲ್ಲಿ?

ಕಾಸರಗೋಡಿನವರಿಗೆ ಹತ್ತಿರವಿರುವ ಲೋಹಶಾಸ್ತ್ರ ವಿಭಾಗ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿದೆ. 1960ರಲ್ಲಿ ಕೆಆರ್‌ಇಸಿ ಎಂದು ಶುರುವಾದ ಈ ಕಾಲೇಜು 2002ರಲ್ಲಿ ಎನ್‌ಐಟಿಯಾಯಿತು. ಕಾಸರಗೋಡಿನಿಂದ ಸುಮಾರು 70 ಕಿ.ಮೀ. ಕಲ್ಲಿಕೋಟೆಯ ಎನ್‌ಐಟಿಯಲ್ಲಿಯೂ ಮೆಟೀರಿಯಲ್ಸ್ ವಿಷಯದಲ್ಲಿ ಬಿ.ಟೆಕ್ ಇದೆ, ಅದು ಇಲ್ಲಿಂದ ಸುಮಾರು 200 ಕಿ.ಮೀ.

ಆದರೆ ಗಡಿಯ ಮಕ್ಕಳಿಗೆ ಇಲ್ಲೊಂದು ಸಿಕ್ಕು ಉಂಟು. ಎನ್‌ಐಟಿಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ. ಯಾವ ರಾಜ್ಯದವರು ಎನ್ನುವುದನ್ನು ಮನೆಮಾತಿನಿಂದಾಗಲೀ ರೇಶನ್ ಕಾರ್ಡಿನಿಂದಾಗಲೀ ತೀರ್ಮಾನಿಸುವುದಿಲ್ಲ. ಹನ್ನೆರಡನೇ ತರಗತಿಯನ್ನು ಯಾವ ರಾಜ್ಯದಲ್ಲಿ ಪಾಸು ಮಾಡಿದ್ದೀರಿ ಎಂಬುದೇ ಲೆಕ್ಕ. ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ಪ್ಲಸ್ ಟು ಮುಗಿಸಿದವರಿಗೆ ಹತ್ತಿರದ ಸುರತ್ಕಲ್ ಹೊರರಾಜ್ಯ, ದೂರದ ಕಲ್ಲಿಕೋಟೆ ಸ್ವಂತ ರಾಜ್ಯ. ಅದೇ ಮನೆಯ ಇನ್ನೊಂದು ಮಗು ಮಂಗಳೂರಿಗೋ ಪುತ್ತೂರಿಗೋ ಹೋಗಿ ಪಿಯುಸಿ ಮಾಡಿದರೆ ಲೆಕ್ಕ ತಿರುಗಾಮುರುಗಾ. ಗಡಿನಾಡ ಕನ್ನಡಿಗರಿಗೆ ಕರ್ನಾಟಕದ ಸಿಇಟಿಯಲ್ಲಿರುವ ಅವಕಾಶ ಎನ್‌ಐಟಿಗೆ ಅನ್ವಯವಾಗುವುದಿಲ್ಲ. ಉಳಿದ ಅರ್ಧ ಸೀಟಿಗೆ ಹೊರರಾಜ್ಯದವರಾಗಿ ಪ್ರಯತ್ನಿಸಬಹುದು, ಆದರೆ ಅಲ್ಲಿ ಸ್ಪರ್ಧೆ ಇಡೀ ದೇಶದ್ದು. ಹತ್ತನೇ ತರಗತಿ ಮುಗಿದ ಮೇಲೆ ಎಲ್ಲಿ ಸೇರಿಸುವುದು ಎಂದು ಮನೆಯಲ್ಲಿ ಮಾತಾಗುವಾಗಲೇ ಈ ವಿಷಯ ಗೊತ್ತಿರಬೇಕು.

ಇಂಜಿನಿಯರಿಂಗೇ ಆಗಬೇಕೆಂದಿಲ್ಲ. ಬಿಎಸ್ಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದವರಿಗೂ ಲೋಹದ ಸಂಶೋಧನೆಯ ಬಾಗಿಲು ತೆರೆದಿದೆ. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯ ಪೆರಿಯದಲ್ಲಿಯೇ ಇದ್ದು, ಈ ಎರಡೂ ವಿಷಯಗಳಲ್ಲಿ ಸ್ನಾತಕೋತ್ತರ ಓದಿಗೆ ಅವಕಾಶ ಇದೆ.

ಇಂಥ ಓದು ಊರಿಗೆ ಏಕೆ ಬೇಕು ಎಂದು ಕೇಳುವವರಿಗೆ ಬೆದ್ರಡ್ಕದ ಕಾರ್ಖಾನೆಯ ಕತೆ ಸಾಕು. 1990ರಲ್ಲಿ ಆರಂಭವಾದ ಆ ಘಟಕ 2011ರಲ್ಲಿ ಬಿಎಚ್‌ಇಎಲ್ ಜತೆಗಿನ ಜಂಟಿ ಕಂಪೆನಿಯಾಯಿತು. 2020ರ ಲಾಕ್‌ಡೌನಿನಲ್ಲಿ ನಿಂತ ಕೆಲಸ, ರಾಜ್ಯ ಸರಕಾರ ವಹಿಸಿಕೊಂಡ ಬಳಿಕ, 2022ರ ಏಪ್ರಿಲ್ 1ರಂದು ಕೆಲ್ ಇಎಂಎಲ್ ಎಂಬ ಹೆಸರಿನಲ್ಲಿ ಮತ್ತೆ ಶುರುವಾಯಿತು. ಆ ಎರಡು ವರ್ಷ ಕಾರ್ಮಿಕರ ಮನೆಗಳು ಹೇಗೆ ನಡೆದವು ಎಂಬುದು ಊರಿನವರಿಗೆ ಗೊತ್ತು. ಪಿಂಗಾಣಿ ತಾಮ್ರದಿಂದ ನಾಳೆಯೇ ಇಲ್ಲೊಂದು ಕಾರ್ಖಾನೆ ಬರುತ್ತದೆ ಎಂದು ಯಾರೂ ಹೇಳುವಂತಿಲ್ಲ. ಆದರೆ ಬೆಸುಗೆಯ ಮೊನೆಯಂಥ ಸಣ್ಣ ವಸ್ತುವಿಗೆ ದೊಡ್ಡ ಕುಲುಮೆ ಬೇಕಾಗಿಲ್ಲ. ಒಂದು ಗಿರಣಿ, ಒಂದು ಒತ್ತುಯಂತ್ರ, ಒಂದು ಒಲೆ, ಜತೆಗೆ ಕೆಲಸ ತಿಳಿದ ನಾಲ್ಕು ಜನ ಬೇಕು. ಯಂತ್ರವನ್ನು ದುಡ್ಡು ಕೊಟ್ಟು ತರಿಸಬಹುದು, ತಿಳಿದ ಜನವನ್ನು ಮಾತ್ರ ಓದಿಸಿಯೇ ತಯಾರು ಮಾಡಬೇಕು.

ಎನ್‌ಐಟಿ ಪ್ರವೇಶಕ್ಕೆ ಬೇಕಾದ ಜೆಇಇ ಮೈನ್ ಪರೀಕ್ಷೆ ಸಾಮಾನ್ಯವಾಗಿ ಜನವರಿ ಮತ್ತು ಏಪ್ರಿಲ್‌ನಲ್ಲಿ, ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಅರ್ಜಿ ತುಂಬುವಾಗಲೇ ಭಾಷೆ ಆರಿಸಬೇಕು, ಆಮೇಲೆ ಕೇಳಿದರೆ ಸಿಗುವುದು ಕಷ್ಟ.